ಇಳಿಯದ ತೂಕ

ದೇವರಾಜ ಮೊಹಲ್ಲಾದ ಹಿಂದುಗಡೆಯ ವಠಾರದಲ್ಲಿ ಹಪ್ಪಳದ ನೀಲಮ್ಮ ಎಂದರೆ ಬಾಯಿ ಜೋರಿನ ಹೆಂಗಸು ಎಂದೇ ಹೆಸರು. ನಲ್ಲಿಯ ಹತ್ತಿರ ಯಾರಾದರೂ ಕೊಡ ಹಿಂದೆ ಮುಂದೆ ಮಾಡಿದರೆ, ಅಂಗಡಿಯವನು ಉದ್ದಿನಬೇಳೆಗೆ ಹಳೆಯ ಬೇಳೆ ಬೆರೆಸಿ ಕೊಟ್ಟರೆ, ಅವಳು ನಿಂತ ಕಾಲಲ್ಲೇ ಹೇಳಿಬಿಡುತ್ತಿದ್ದಳು. ಮನಸ್ಸಿನಲ್ಲಿ ಇಟ್ಟುಕೊಳ್ಳುವ ಜಾಯಮಾನ ಅವಳದಲ್ಲ. ಅಂಥವಳು ಒಂದೇ ಒಂದು ಮಾತನ್ನು ಒಂಬತ್ತು ವರ್ಷ ಹೇಳದೆ ಉಳಿಸಿಕೊಂಡಿದ್ದಳು. ಹೇಳಬೇಕಾಗಿದ್ದದ್ದು ದೂರದವರಿಗಲ್ಲ, ದಿನಕ್ಕೆ ಎರಡು ಹೊತ್ತು ಎದುರಿಗೇ ಕೂತು ಉಣ್ಣುತ್ತಿದ್ದ ತಮ್ಮ ಕರಿಬಸವಯ್ಯನಿಗೆ.

ಅವರು ಇಲವಾಲದವರು. ನೀಲಮ್ಮನನ್ನು ಹಿನಕಲ್ಲಿಗೆ ಕೊಟ್ಟಿದ್ದರು. ಮದುವೆಯಾದ ನಾಲ್ಕನೇ ವರ್ಷ ಗಂಡನಿಗೆ ಕ್ಷಯ ಹಿಡಿಯಿತು. ಹನ್ನೊಂದು ತಿಂಗಳು ಅವನು ಹಾಸಿಗೆಯಲ್ಲಿದ್ದ. ನೋಡಲು ಬಂದವರೆಲ್ಲ ಹೊರಗೆ ಹೋಗುವಾಗ ಬಾಗಿಲ ಹತ್ತಿರ ನಿಂತು ಒಂದೇ ಮಾತು ಹೇಳುತ್ತಿದ್ದರು: ಇಳಿದುಹೋಗಿದ್ದಾನೆ. ಮೊದಲು ಕೆನ್ನೆ ಇಳಿಯಿತು, ಆಮೇಲೆ ಹೆಗಲು. ಕುತ್ತಿಗೆಯ ಕೆಳಗಿನ ಎರಡು ಎಲುಬುಗಳು ಎದ್ದು ನಿಂತ ಮೇಲೆ ಅವಳಿಗೆ ಅರ್ಥವಾಯಿತು. ಕೊನೆಕೊನೆಗೆ ಅವನನ್ನು ಎತ್ತಿ ಕೂರಿಸಲು ಅವಳ ಒಂದು ಕೈ ಸಾಕಾಗಿತ್ತು.

ಅವನನ್ನು ಮಣ್ಣು ಮಾಡಿ ಇಲವಾಲಕ್ಕೆ ಹಿಂದಿರುಗಿದಾಗ ತೌರಿನಲ್ಲಿ ಉಳಿದಿದ್ದವನು ಹದಿನೈದರ ತಮ್ಮ ಒಬ್ಬನೇ. ಸ್ವಾತಂತ್ರ್ಯ ಬಂದ ವರ್ಷ, ಬೀದಿಗೆ ಕಟ್ಟಿದ್ದ ಕಾಗದದ ಬಾವುಟಗಳು ಮಳೆಗೆ ಬಣ್ಣ ಬಿಟ್ಟುಕೊಂಡು ನೇತಾಡುತ್ತಿದ್ದಾಗ, ಅಕ್ಕ ತಮ್ಮ ಇಬ್ಬರೂ ಒಂದು ಟ್ರಂಕು ಹೊತ್ತುಕೊಂಡು, ಒಂದು ಎಮ್ಮೆ ಹೊಡೆದುಕೊಂಡು ಮೈಸೂರಿಗೆ ನಡೆದು ಬಂದರು. ಮಠಕ್ಕೆ ಸೇರಿದ ವಠಾರದಲ್ಲಿ ಎರಡು ಕೋಣೆ ಸಿಕ್ಕಿತು, ಹಿತ್ತಲಲ್ಲಿ ಎಮ್ಮೆಗೆ ಜಾಗ ಸಿಕ್ಕಿತು. ನೀಲಮ್ಮ ಹಪ್ಪಳ ಸಂಡಿಗೆ ಮಾಡಿ ಮಾರ್ಕೆಟ್ಟಿನ ಅಂಗಡಿಗಳಿಗೆ ಕೊಡತೊಡಗಿದಳು.

ಕರಿಬಸವ ಗರಡಿ ಸೇರಿದ್ದು ಅವಳಿಗೆ ಹೇಳದೆ. ಪಕ್ಕದ ಬೀದಿಯಲ್ಲಿ ಚಾಮಯ್ಯನವರ ಗರಡಿ ಇತ್ತು. ಚಾಮಯ್ಯ ಅರಮನೆಯ ಲಾಯದಲ್ಲಿ ಕುದುರೆಗಳನ್ನು ನೋಡಿಕೊಂಡು ಬಂದವರು. ಕುದುರೆಯಾಗಲಿ ಹುಡುಗನಾಗಲಿ ಬೆನ್ನ ಮೇಲೆ ಒಂದು ಸಲ ಕೈಯಾಡಿಸಿದರೆ ಅವರಿಗೆ ಬೇಕಾದ್ದು ತಿಳಿಯುತ್ತಿತ್ತು. ಒಂದು ದಿನ ಅವರೇ ವಠಾರಕ್ಕೆ ಬಂದು, ಜಗಲಿಯ ಮೇಲೆ ಕೂತು, ಹುಡುಗನನ್ನು ನನಗೆ ಬಿಡಿ ಎಂದು ಕೇಳಿದರು. ನೀಲಮ್ಮ ತುಂಬ ಹೊತ್ತು ಯೋಚಿಸಿ ಒಂದು ಷರತ್ತು ಹಾಕಿದಳು. ನಾವು ಲಿಂಗ ಕಟ್ಟಿದವರು. ಗರಡಿಯಲ್ಲಿ ಮೊಟ್ಟೆ ಮಾಂಸ ಏನು ಬೇಕಾದರೂ ತಿನ್ನಲಿ ಉಳಿದವರು, ನನ್ನ ತಮ್ಮ ನನ್ನ ಕೈಯಡುಗೆ ಬಿಟ್ಟು ಬೇರೆ ಕಡೆ ಒಂದು ಲೋಟ ನೀರನ್ನೂ ಮುಟ್ಟಬಾರದು. ಚಾಮಯ್ಯ ನಕ್ಕು ಒಪ್ಪಿಕೊಂಡರು.

ಈ ಷರತ್ತು ಗರಡಿಯಲ್ಲಿ ಗೊತ್ತಾಗಿ ಕರಿಬಸವನಿಗೆ ಹಪ್ಪಳದ ಪೈಲ್ವಾನ ಎಂಬ ಹೆಸರು ಬಿತ್ತು. "ನೋಡ್ಕೊಂಡು ಹಿಡೀರೋ, ಜೋರಾಗಿ ಅದುಮಿದ್ರೆ ಮುರ್ದೋಗ್ತಾನೆ" ಎಂದು ಹುಡುಗರು ರೇಗಿಸುತ್ತಿದ್ದರು. ಅವನು ಮನೆಗೆ ಬಂದು ಅದನ್ನು ನಗುತ್ತ ಹೇಳಿದ. ನೀಲಮ್ಮ ನಗಲಿಲ್ಲ. ಮಾರನೆಯ ದಿನದಿಂದ ಎಮ್ಮೆಯ ಹಾಲನ್ನು ಮಾರುವುದು ನಿಲ್ಲಿಸಿದಳು. ರಾತ್ರಿ ನೆನೆಹಾಕಿದ ಬಾದಾಮಿಯನ್ನು ಬೆಳಗ್ಗೆ ಸಿಪ್ಪೆ ಸುಲಿದು, ಒರಳಲ್ಲಿ ಬೆಣ್ಣೆಯಂತೆ ನುಣ್ಣಗೆ ಅರೆದು ಹಾಲಿಗೆ ಹಾಕಿ ಕೊಟ್ಟಳು. ತುಪ್ಪ ಕಾಯಿಸಿದಳು. ತಾನು ಮಜ್ಜಿಗೆಯಲ್ಲಿ ಮುದ್ದೆ ಮುಗಿಸಿದಳು. ಮೂರು ವರ್ಷದಲ್ಲಿ ಹುಡುಗನ ಹೆಗಲು ಬಾಗಿಲಿಗೆ ತಾಗುವಷ್ಟು ಅಗಲವಾಯಿತು. ಅವನಿಗೆ ಎಣ್ಣೆ ಹಚ್ಚುವಾಗ, ಕುತ್ತಿಗೆಯ ಕೆಳಗೆ ಎಲುಬು ಎಲ್ಲಿದೆ ಎಂದು ಬೆರಳಿಂದ ಹುಡುಕಿ, ಸಿಗದೆ, ಅವಳ ಮನಸ್ಸು ತಣ್ಣಗಾಗುತ್ತಿತ್ತು.

ಕರಿಬಸವಯ್ಯ ಕಾಯುವ ಪೈಲ್ವಾನ. ಮಟ್ಟಿಗೆ ಇಳಿದ ಮೇಲೆ, ಆ ಕೆಂಪು ಮಣ್ಣಿನ ಕಣದಲ್ಲಿ, ತಾನಾಗಿ ಮೇಲೆ ಬೀಳುತ್ತಿರಲಿಲ್ಲ. ಎದುರಿನವನು ಬೇಸತ್ತು ಕೈ ಹಾಕುವವರೆಗೆ ಸುಮ್ಮನೆ ಸುತ್ತುತ್ತಿದ್ದ. ಕೈ ಹಾಕಿದ ಮರುಗಳಿಗೆಗೆ ಆ ಕೈ ಅವನ ಕಂಕುಳಲ್ಲಿರುತ್ತಿತ್ತು. ಐವತ್ತನೇ ಇಸವಿಯ ದಸರೆಯಲ್ಲಿ ಮೊದಲ ಸಲ ಗೆದ್ದ. ಆಮೇಲೆ ಮೂರು ವರ್ಷ ಒಂದೇ ಸಮನೆ ರಾಜ್ಯದ ಹವ್ಯಾಸಿ ಕುಸ್ತಿ ಚಾಂಪಿಯನ್ ಎನಿಸಿಕೊಂಡ. ಪತ್ರಿಕೆಯಲ್ಲಿ ಹವ್ಯಾಸಿ ಎಂಬ ಪದ ನೋಡಿ ನೀಲಮ್ಮ ವಠಾರದ ಮೇಷ್ಟರನ್ನು ಅದರ ಅರ್ಥ ಕೇಳಿದಳು. ಹಣಕ್ಕಾಗಿ ಮಾಡದೆ ಸಂತೋಷಕ್ಕಾಗಿ ಮಾಡುವುದು ಎಂದರು ಅವರು. ನಾಲ್ಕು ಗಂಟೆಗೆ ಎದ್ದು ಸಾವಿರ ಬಸ್ಕಿ ಹೊಡೆದು, ಆಮೇಲೆ ರೈಲ್ವೆ ವರ್ಕ್‌ಶಾಪಿನಲ್ಲಿ ಎಂಟು ಗಂಟೆ ಕಬ್ಬಿಣ ಎತ್ತುವವನ ಸಂತೋಷವನ್ನು ಅವರೂ ಒಂದು ದಿನ ಪಡಲಿ ಎಂದು ಅವಳು ಗೊಣಗಿದಳು. ಆದರೆ ಆ ಪತ್ರಿಕೆಯನ್ನು ಟ್ರಂಕಿನ ತಳದಲ್ಲಿ ಇಟ್ಟಳು.

ಐವತ್ತನಾಲ್ಕರಲ್ಲಿ ದಿಲ್ಲಿಯ ಮಾತು ಬಂತು. ಅಲ್ಲಿ ಗೆದ್ದವರನ್ನು ಹೊರದೇಶಕ್ಕೆ ಕಳಿಸುತ್ತಾರಂತೆ. ಕುಸ್ತಿ ಮಣ್ಣಿನ ಮೇಲಲ್ಲ, ಹಾಸಿದ ಮೆತ್ತೆಯ ಮೇಲೆ. ಅದಕ್ಕಿಂತ ಹೊಸದೆಂದರೆ ಅಲ್ಲಿ ಮೊದಲು ತೂಕ ನೋಡುತ್ತಾರೆ. ಗರಡಿಯಲ್ಲಿ ಜೋಡಿ ಕಟ್ಟುವಾಗ ಹಿರಿಯರು ಇಬ್ಬರನ್ನೂ ಅಕ್ಕಪಕ್ಕ ನಿಲ್ಲಿಸಿ ಕಣ್ಣಲ್ಲೇ ಅಳೆಯುತ್ತಿದ್ದರು, ಅಷ್ಟೆ. ಇಲ್ಲಿ ಪೌಂಡಿನ ಲೆಕ್ಕ. ಕರಿಬಸವಯ್ಯನ ತೂಕದಲ್ಲಿ ಬೇರೆ ಜಿಲ್ಲೆಯ ದೈತ್ಯನಂಥವನೊಬ್ಬನ ಹೆಸರು ಆಗಲೇ ಗಟ್ಟಿಯಾಗಿತ್ತು. ಅದರ ಕೆಳಗಿನ ತೂಕದಲ್ಲಿ ಜಾಗ ಖಾಲಿ ಇತ್ತು. ಮಿತಿ ನೂರ ಅರವತ್ತೂವರೆ ಪೌಂಡು. ಕರಿಬಸವಯ್ಯ ಅದಕ್ಕಿಂತ ಹನ್ನೊಂದು ಪೌಂಡು ಹೆಚ್ಚಿದ್ದ. ಕೈಯಲ್ಲಿದ್ದದ್ದು ಇಪ್ಪತ್ತು ದಿನ.

ಚಾಮಯ್ಯ ಮತ್ತೆ ಜಗಲಿಯ ಮೇಲೆ ಬಂದು ಕೂತರು. ಹಾಲಿಲ್ಲ, ಬಾದಾಮಿಯಿಲ್ಲ, ತುಪ್ಪ ಮೊದಲೇ ಇಲ್ಲ. ದಿನಕ್ಕೆ ಎರಡು ಸಲ ನೀರಲ್ಲಿ ಕಾಸಿದ ತೆಳ್ಳನೆಯ ರಾಗಿ ಗಂಜಿ, ಮೇಲೆ ಒಂದಿಷ್ಟು ಮಜ್ಜಿಗೆ, ಉಪ್ಪೂ ಕಡಿಮೆ. ಅಷ್ಟನ್ನು ನೀವು ನೋಡಿಕೊಳ್ಳಬೇಕು ಎಂದು ಹೇಳಿ, ಎದ್ದು ಹೊರಡುವಾಗ ಅವಳಿಗೆ ಧೈರ್ಯ ಹೇಳಿದರು.

"ಇಳೀತಾನೆ ಬುಡಿ ತಾಯಿ. ಚೆನ್ನಾಗಿ ಇಳೀತಾನೆ."

ಅವರು ಒಳ್ಳೆಯ ಸುದ್ದಿ ಎಂದೇ ಹೇಳಿದ್ದು. ಆ ಮಾತು ನೀಲಮ್ಮನ ಎದೆಯಲ್ಲಿ ಎಲ್ಲಿ ಹೋಗಿ ಕೂತಿತೆಂದು ಅವರಿಗೆ ಹೇಗೆ ತಿಳಿಯಬೇಕು. ಅವಳು ತಲೆಯಾಡಿಸಿದಳು.

ಐದು ದಿನ ಹೇಳಿದ ಹಾಗೇ ನಡೆಸಿದಳು. ಆರನೆಯ ದಿನ ಕರಿಬಸವಯ್ಯ ಹಿತ್ತಲಲ್ಲಿ ಮೈಮೇಲೆ ನೀರು ಹೊಯ್ದುಕೊಳ್ಳುತ್ತಿದ್ದ. ಟವಲು ಕೊಡಲು ಹೋದವಳು ಅವನ ಕುತ್ತಿಗೆಯ ಕೆಳಗಿನ ಎಲುಬು ನೋಡಿದಳು. ಎರಡೂ ಕಾಣುತ್ತಿದ್ದವು. ಎಲುಬಿನ ಮೇಲಿನ ಗುಳಿಯಲ್ಲಿ ನೀರು ನಿಂತಿತ್ತು. ಅದೇ ಸಂಜೆ ಪಕ್ಕದ ಮನೆಯ ಸರೋಜಮ್ಮ ಏನೂ ಅರಿಯದೆ, "ಯಾಕೆ ನೀಲಮ್ಮ, ನಿನ್ನ ತಮ್ಮ ಹಿಂಗೆ ಇಳ್ದೋಗವ್ನೆ? ಕೆಮ್ಮು ಗಿಮ್ಮು ಏನಾದ್ರೂ ಇದೆಯಾ?" ಎಂದು ಕೇಳಿದಳು.

ಮಾರನೆಯ ಬೆಳಗ್ಗೆ ನೀಲಮ್ಮ ಗಂಜಿಯನ್ನು ನೀರಿನಲ್ಲಿ ಕಾಸಲಿಲ್ಲ, ಹಾಲಿನಲ್ಲಿ ಕಾಸಿದಳು. ಹದಿನೈದು ಬಾದಾಮಿ ಅರೆದು, ಬಟ್ಟೆಯಲ್ಲಿ ಸೋಸಿ, ತರಿ ಉಳಿಯದ ಹಾಗೆ ಅದಕ್ಕೆ ಬೆರೆಸಿದಳು. ರಾಗಿಯ ಬಣ್ಣ ಎಲ್ಲವನ್ನೂ ನುಂಗಿತು. ಮೇಲೆ ಮಜ್ಜಿಗೆ ಬಿಟ್ಟು ಕಣ್ಣು ಮರೆಸಿದಳು. ಕರಿಬಸವಯ್ಯ ಒಂದು ಗುಟುಕು ಕುಡಿದು ಲೋಟ ಕೆಳಗಿಳಿಸಿದ.

"ಇವತ್ತು ರುಚಿಯಾಗಿ ಅದೆ ಅಕ್ಕ."

"ಹಸಿವಿಗೆ ಹಾಗನ್ನಿಸ್ತದೆ ಕಣೋ. ಕುಡಿ."

ಅವನು ಕುಡಿದ. ಹೀಗೆ ಹದಿನಾಲ್ಕು ದಿನ ಕುಡಿದ. ಒಂದು ಲೋಟ ಹಾಲಿಗೆ ಏನಾಗಿಬಿಡುತ್ತದೆ, ಇಷ್ಟು ದೊಡ್ಡ ಮೈಗೆ ಅದು ಯಾವ ಲೆಕ್ಕ ಎಂದು ಅವಳು ತನಗೆ ತಾನೇ ಹೇಳಿಕೊಂಡಳು. ಪೌಂಡು ಎಂದರೆ ಎಷ್ಟು ಎಂದು ಅವಳಿಗೆ ಗೊತ್ತಿರಲಿಲ್ಲ. ಯಾರನ್ನೂ ಕೇಳಲೂ ಇಲ್ಲ.

ತೂಕ ನೋಡುತ್ತಿದ್ದದ್ದು ಬೆಲ್ಲದ ಮಂಡಿಯೊಂದರ ದೊಡ್ಡ ತಕ್ಕಡಿಯಲ್ಲಿ. ಪೈಲ್ವಾನನ ತೂಕವನ್ನು ಬಾಯಿಬಿಟ್ಟು ಹೇಳಿದರೆ ದೃಷ್ಟಿಯಾಗುತ್ತದೆ ಎಂಬುದು ಗರಡಿಯವರ ನಂಬಿಕೆ. ಹಾಗಾಗಿ ದಿನವೂ ಚಾಮಯ್ಯ ಒಬ್ಬರೇ ಮುಳ್ಳನ್ನು ನೋಡುತ್ತಿದ್ದರು. ಕರಿಬಸವಯ್ಯ ಗೋಡೆಯ ಕಡೆ ಮುಖ ಮಾಡಿ ನಿಲ್ಲುತ್ತಿದ್ದ. ಕೇಳಿದರೆ ಅವರು ಹೇಳುತ್ತಿದ್ದದ್ದು ಒಂದೇ ಮಾತು: ಸಾಗ್ತಾ ಅದೆ.

ಆಯ್ಕೆಯ ದಿನ ಟೌನ್ ಹಾಲಿನಲ್ಲಿ, ಸಂಘದವರು ತರಿಸಿದ ಹೊಸ ತೂಕದ ಯಂತ್ರದ ಮೇಲೆ ಕರಿಬಸವಯ್ಯ ನಿಂತಾಗ ಎರಡು ಪೌಂಡು ಹೆಚ್ಚು ಬಂತು. ಒಂದು ಗಂಟೆ ಕಾಲಾವಕಾಶ ಕೊಟ್ಟರು. ಕಂಬಳಿ ಸುತ್ತಿಕೊಂಡು ಹೊರಗಿನ ಬಿಸಿಲಲ್ಲಿ ಓಡಿದ, ಬಾಯಲ್ಲಿ ಹುಣಸೆಹಣ್ಣು ಇಟ್ಟುಕೊಂಡು ಎಂಜಲು ಉಗಿದ. ಮತ್ತೆ ನಿಂತಾಗ ಒಂದು ಪೌಂಡು ಹೆಚ್ಚು. ಬರೆದುಕೊಳ್ಳುವವರು ಅವನ ಹೆಸರಿನ ಮೇಲೆ ಗೆರೆ ಎಳೆದು, ಆ ತೂಕಕ್ಕೆ ಸರಿಯಾಗಿದ್ದ ಇನ್ನೊಬ್ಬನ ಹೆಸರು ಬರೆದರು. ಆ ಇನ್ನೊಬ್ಬ ಅದೇ ಗರಡಿಯ ಮಹದೇವು, ಚಾಮಯ್ಯನವರ ತಂಗಿಯ ಮಗ.

ಅಷ್ಟು ಜನರ ಎದುರಿಗೆ ಕರಿಬಸವಯ್ಯ ತನ್ನ ಉಸ್ತಾದ ಚಾಮಯ್ಯನವರನ್ನು ಕೇಳಿದ:

"ಸೋದರಳಿಯಂಗೆ ಜಾಗ ಮಾಡೋಕೆ ನನ್ನ ತೂಕ ಮುಚ್ಚಿಟ್ರಾ?"

ಚಾಮಯ್ಯ ಅವನ ಮುಖವನ್ನೇ ನೋಡಿದರಂತೆ. ನಿಮ್ಮ ಮಟ್ಟಿಗೆ ಇನ್ನು ಕಾಲಿಡುವುದಿಲ್ಲ ಎಂದು ಇವನು ಹೊರಟು ಬಂದ.

ಇದನ್ನೆಲ್ಲ ನೀಲಮ್ಮ ಕೇಳಿದ್ದು ಅವನ ಬಾಯಿಂದಲೇ. ಗೋಡೆಗೆ ಒರಗಿ ಕೂತು, ಯಾರದೋ ಕಥೆ ಹೇಳುವ ಹಾಗೆ ಹೇಳಿದ. ಹೇಳಿ ಮುಗಿಸುವ ಹೊತ್ತಿಗೆ ಕಣ್ಣಲ್ಲಿ ನೀರಿರಲಿಲ್ಲ, ತುಟಿ ಮಾತ್ರ ಬಿಳಿಚಿತ್ತು. ಆಗಲೇ ಹೇಳಿಬಿಡಬೇಕಾಗಿತ್ತು. ಅವಳ ನಾಲಿಗೆಯ ತುದಿಗೆ ಬಂದಿತ್ತು. ಇವತ್ತು ಬೇಡ, ಈಗ ಬೆಂದಿದ್ದಾನೆ, ನಾಳೆ ಹೇಳೋಣ ಎಂದುಕೊಂಡಳು. ಮಾರನೆಯ ದಿನ ಅವನ ಮುಖ ನೋಡಿ ಮತ್ತೆ ನಾಳೆಗೆ ತಳ್ಳಿದಳು. ವಾರ ಕಳೆಯಿತು. ತಿಂಗಳ ಮೇಲೆ ಹೇಳುವುದು ಮೊದಲ ದಿನ ಹೇಳುವುದಕ್ಕಿಂತ ಎಷ್ಟೋ ಕಷ್ಟವೆಂದು ಅವಳಿಗೆ ಗೊತ್ತಾಯಿತು. ಹೇಳಿದರೆ ಇಷ್ಟು ದಿನ ಯಾಕೆ ಹೇಳಲಿಲ್ಲ ಎನ್ನುವುದಕ್ಕೂ ಉತ್ತರ ಕೊಡಬೇಕು. ದಿಲ್ಲಿಗೆ ಹೋದ ಮಹದೇವು ಮೊದಲ ಸುತ್ತಿನಲ್ಲೇ ಸೋತು ಬಂದು, ಯಾವುದೋ ಗಿರಣಿಗೆ ಸೇರಿ ಊರು ಬಿಟ್ಟ.

ಮಾರನೆಯ ವರ್ಷದ ದಸರೆಗೆ ಕರಿಬಸವಯ್ಯ ತಾನಾಗಿಯೇ ಹೆಸರು ಕೊಟ್ಟ. ಬೇರೆ ಗರಡಿಗಳವರು ಯಾರೂ ಅವನನ್ನು ಸೇರಿಸಿಕೊಂಡಿರಲಿಲ್ಲ. ಉಸ್ತಾದರ ಮೇಲೆ ಮಾತೆತ್ತಿದವನನ್ನು ಯಾರು ಕರೆಯುತ್ತಾರೆ. ಒಬ್ಬನೇ ಸಾಮು ಮಾಡಿ, ಒಬ್ಬನೇ ಹೋಗಿ ಕಣದ ಅಂಚಿನಲ್ಲಿ ನಿಂತ. ಜೋಡಿಯನ್ನು ಕೂಗುವಾಗ ಪೈಲ್ವಾನನ ಹೆಸರಿನ ಮೊದಲು ಅವನ ಗರಡಿಯ ಹೆಸರು, ಉಸ್ತಾದರ ಹೆಸರು ಕೂಗುವುದು ವಾಡಿಕೆ. ಮೈಕಿನವನು ಚೀಟಿ ನೋಡಿ, ಅದರಲ್ಲಿ ಇಲ್ಲದ್ದನ್ನು ಕಂಡು, ಬಗ್ಗಿ ಕೇಳಿದ.

"ಯಾವ ಗರಡಿ ಸ್ವಾಮಿ?"

ಮೈಕು ತೆರೆದೇ ಇತ್ತು. ಪ್ರಶ್ನೆ ಸಾವಿರಾರು ಜನಕ್ಕೆ ಕೇಳಿಸಿತು. ಉತ್ತರಕ್ಕಾಗಿ ಎಲ್ಲರೂ ಕಾದರು. ತಮಟೆಯವನೂ ಕೈ ನಿಲ್ಲಿಸಿದ. ಕರಿಬಸವಯ್ಯ ಬಗ್ಗಿ ಕಣದ ಮಣ್ಣನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು, ಅಂಗಿ ಎತ್ತಿಕೊಂಡು ಮನೆಗೆ ಬಂದ. ಅವನ ಕುಸ್ತಿ ಮುಗಿದದ್ದು ಹೀಗೆ. ಯಾರೂ ಅವನ ಬೆನ್ನನ್ನು ಮಣ್ಣಿಗೆ ತಾಗಿಸಲಿಲ್ಲ. ಅವನಿಗೆ ಆಗ ಇಪ್ಪತ್ತಮೂರು ವರ್ಷ.

ಆಮೇಲೆ ವರ್ಕ್‌ಶಾಪು, ಮನೆ. ಸಂಬಂಧಗಳು ಬಂದವು, ಅವನು ಹೂಂ ಎನ್ನಲಿಲ್ಲ, ಊಹೂಂ ಎನ್ನಲೂ ಇಲ್ಲ, ಬಂದವರು ತಾವೇ ಹೋದರು. ಹೆಗಲು ಜೋತುಬಿತ್ತು. ಗರಡಿಯಲ್ಲಿ ಜಜ್ಜಿಹೋಗಿದ್ದ ಕಿವಿಗಳು ಮಾತ್ರ ಹಾಗೇ ಉಳಿದವು, ಬಸ್ಸಿನಲ್ಲಿ ಅಪರಿಚಿತರು ಅವನ್ನು ನೋಡಿ, ಪೈಲ್ವಾನರಾ ಎಂದು ಕೇಳುತ್ತಿದ್ದರು. ಕೆಲಸಕ್ಕೆ ಹೋಗುವಾಗ ಅವನು ಬೇಕೆಂದೇ ಚಾಮಯ್ಯನವರ ಬೀದಿಯಲ್ಲಿ ಹೋಗುತ್ತಿದ್ದ, ಅವರ ಬಾಗಿಲ ಮುಂದೆ ತಲೆ ಎತ್ತಿಕೊಂಡು. ಜಗಲಿಯ ಮೇಲೆ ಅವರು ಕೂತಿದ್ದರೆ ಅವರೂ ನೋಡುತ್ತಿದ್ದರು.

ಅರವತ್ತಮೂರರ ಬೇಸಿಗೆಯಲ್ಲಿ, ನೀಲಮ್ಮ ಹಪ್ಪಳದ ಕಟ್ಟುಗಳನ್ನು ಅಂಗಡಿಗೆ ಕೊಟ್ಟು ಬರುವಾಗ ಮಾರ್ಕೆಟ್ಟಿನಲ್ಲಿ ಚಾಮಯ್ಯನವರ ಮಗಳು ಸುಂದರಮ್ಮ ಎದುರಾದಳು. ಅಪ್ಪನಿಗೆ ಲಕ್ವ ಹೊಡೆದು ಎಡಗಡೆ ಪೂರ್ತಿ ಬಿದ್ದುಹೋಗಿದೆ, ಈ ಮಳೆಗಾಲ ದಾಟುವುದು ಕಷ್ಟ ಎಂದಳು. ಹೊರಟವಳು ಮತ್ತೆ ನಿಂತು, "ಯಾವಾಗ್ಲೂ ಒಂದು ಮಾತು ಕೇಳ್ತಾರೆ ನೀಲಕ್ಕ. ಕರಿಬಸವ ಇವತ್ತು ಈ ಕಡೆ ಹೋದ್ನಾ ಅಂತ" ಎಂದಳು.

ಆ ಮಧ್ಯಾಹ್ನವೇ ನೀಲಮ್ಮ ಅವರ ಮನೆಗೆ ಹೋದಳು. ಚಾಪೆಯ ಮೇಲೆ ಮಲಗಿದ್ದ ಚಾಮಯ್ಯನವರನ್ನು ನೋಡಿ ಅವಳಿಗೆ ಮೊದಲು ಕಂಡದ್ದು ಅವರ ಕುತ್ತಿಗೆಯ ಎಲುಬು. ಸುಂದರಮ್ಮ ಮಜ್ಜಿಗೆ ತರಲು ಒಳಗೆ ಹೋದಳು. ನೀಲಮ್ಮ ಬಾಗಿಲ ಹತ್ತಿರವೇ ನೆಲದ ಮೇಲೆ ಕೂತು, ಅವರ ಮುಖ ನೋಡದೆ, ಎಲ್ಲವನ್ನೂ ಹೇಳಿದಳು. ಹಾಲಿನಲ್ಲಿ ಕಾಸಿದ್ದು, ಬಾದಾಮಿ ಸೋಸಿದ್ದು, ಹದಿನಾಲ್ಕು ದಿನ. ಒಂಬತ್ತು ವರ್ಷ ಒಳಗೆ ಬಿದ್ದಿದ್ದ ಮಾತು ಹೊರಗೆ ಬರಲು ಒಂದು ವೀಳ್ಯ ಜಗಿಯುವಷ್ಟು ಹೊತ್ತೂ ಹಿಡಿಯಲಿಲ್ಲ. ಅದಕ್ಕೇ ಅವಳಿಗೆ ಹೆಚ್ಚು ನಾಚಿಕೆಯಾದದ್ದು.

ಚಾಮಯ್ಯ ಕಣ್ಣು ಮುಚ್ಚಿಕೊಂಡು ಕೇಳಿದರು. ಅವರ ಮಾತು ಒಂದು ಕಡೆಯ ತುಟಿಯಿಂದ ಬರುತ್ತಿತ್ತು.

"ನೀವಾ ತಾಯಿ," ಎಂದರು. ಆಮೇಲೆ ಹೇಳಿದರು: "ಅವನ ಬೆವರು ಬಾದಾಮಿ ವಾಸ್ನೆ ಹೊಡೀತಿತ್ತು. ಮೈ ತಿಕ್ಕೋವಾಗ ಗೊತ್ತಾಯ್ತು. ಕದ್ದು ತಿಂತಾವ್ನೆ ಅನ್ಕೊಂಡೆ. ಮೂರು ಸಲ ಕೇಳ್ದೆ, ಏನಾದ್ರೂ ತಿಂತಿದ್ದೀಯೇನೋ ಅಂತ. ಮೂರು ಸಲವೂ ಇಲ್ಲ ಅಂದ. ಶಿಷ್ಯ ಇಲ್ಲ ಅಂದ್ಮೇಲೆ ನಾಲ್ಕನೇ ಸಲ ಕೇಳಬಾರ್ದು."

ನೀಲಮ್ಮನಿಗೆ ಆಗ ಹೊಳೆಯಿತು. ಇವರು ಒಂಬತ್ತು ವರ್ಷ ಅವನನ್ನು ಸುಳ್ಳ ಎಂದು ತಿಳಿದಿದ್ದರು. ಅವನು ಒಂಬತ್ತು ವರ್ಷ ಇವರನ್ನು ಮೋಸಗಾರ ಎಂದು ತಿಳಿದಿದ್ದ. ಇಬ್ಬರೂ ಒಂದೇ ಬೀದಿಯಲ್ಲಿ ದಿನವೂ ಒಬ್ಬರ ಮುಖ ಒಬ್ಬರು ನೋಡಿಕೊಂಡಿದ್ದರು. ನಡುವೆ ಇದ್ದದ್ದು ತಾನು ಕೊಟ್ಟ ಒಂದು ಲೋಟ. ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಚಾಮಯ್ಯ ಬಲಗೈ ಎತ್ತಿ ಬೇಡ ಎಂಬಂತೆ ಆಡಿಸಿದರು.

"ನಂದೂ ತಪ್ಪು ಅದೆ. ಕೊನೆ ದಿನಗಳಲ್ಲಿ ಮುಳ್ಳು ಇಳೀದೆ ನಿಂತಿತ್ತು. ಅವನ ಮನಸ್ಸು ಮುರೀಬಾರ್ದು ಅಂತ ಸಾಗ್ತಾ ಅದೆ ಅಂದೆ. ಅವನಿಗೆ ಈಗ ಹೇಳ್ಬೇಡಿ ತಾಯಿ. ನನ್ನ ಮೇಲಿನ ಸಿಟ್ಟು ಅವನಿಗೆ ಅಭ್ಯಾಸ ಆಗ್ಬುಟ್ಟದೆ. ನಾನು ಹೋಗೋನು. ನೀವು ಅವನ ಜೊತೇಲಿ ಬಾಳಬೇಕಾದೋರು."

ಅವರು ಹಾಗೆ ಹೇಳದೆ ಇದ್ದಿದ್ದರೆ ಅವಳು ಬಹುಶಃ ಇನ್ನೂ ಕೆಲವು ದಿನ ತಳ್ಳುತ್ತಿದ್ದಳೇನೋ. ಅವಳ ತಪ್ಪನ್ನು ತಾನು ಹೊತ್ತುಕೊಂಡು ಹೋಗುತ್ತೇನೆ ಎಂದು ಸಾಯುವವನೊಬ್ಬ ಹೇಳಿದ ಮೇಲೆ ಅವಳಿಗೆ ಆ ಮನೆಯಲ್ಲಿ ಕೂರಲು ಆಗಲಿಲ್ಲ. ಮಜ್ಜಿಗೆಯನ್ನೂ ಮುಟ್ಟದೆ ಎದ್ದು ಬಂದಳು.

ಮಾರನೆಯ ಬೆಳಗ್ಗೆ ಕರಿಬಸವಯ್ಯ ಅಂಗಿಯ ಗುಂಡಿ ಹಾಕಿಕೊಳ್ಳುತ್ತ ನಿಂತಿದ್ದಾಗ ಹೇಳಿದಳು. ಅವನು ಗುಂಡಿ ಹಾಕುವುದನ್ನು ನಿಲ್ಲಿಸಲಿಲ್ಲ. ಮೇಲಿನ ಗುಂಡಿಯವರೆಗೂ ಹಾಕಿ, ಟಿಫಿನ್ ಕ್ಯಾರಿಯರ್ ತೆಗೆದುಕೊಂಡು, ಚಪ್ಪಲಿ ಮೆಟ್ಟಿ ಹೋದ. ಆ ದಿನ ಅವಳು ಹಪ್ಪಳದ ಹಿಟ್ಟಿಗೆ ಎರಡು ಸಲ ಉಪ್ಪು ಹಾಕಿದಳು. ಇಡೀ ಹಿಟ್ಟನ್ನು ಎಮ್ಮೆಯ ಮುಂದೆ ಸುರಿಯಬೇಕಾಯಿತು, ಎಮ್ಮೆಯೂ ಮೂಸಿ ಬಿಟ್ಟಿತು.

ಸಂಜೆ ಅವನು ಎಂದಿನ ಹೊತ್ತಿಗೇ ಬಂದ. ಕೈಕಾಲು ತೊಳೆದು, ಗೋಡೆಗೆ ಒರಗಿ, ಒಂಬತ್ತು ವರ್ಷದ ಹಿಂದೆ ಕೂತಿದ್ದ ಜಾಗದಲ್ಲೇ ಕೂತ. ಬೈಯಲಿ ಎಂದು ಅವಳು ಕಾದಳು. ಬೈದಿದ್ದರೆ ಅವಳಿಗೂ ಬೈಯಲು ಬರುತ್ತಿತ್ತು.

"ಅವತ್ತು ರುಚಿಯಾಗಿ ಅದೆ ಅಂದೆ" ಎಂದ ಅವನು. "ನೀನು ಹಸಿವು ಅಂದೆ. ನಾನೂ ಹಸಿವು ಅಂತಲೇ ಇಟ್ಕೊಂಡೆ."

ಅಷ್ಟು ಹೇಳಿ ತನ್ನ ಎರಡು ಅಂಗೈಗಳನ್ನೂ ತಿರುಗಿಸಿ ನೋಡಿಕೊಂಡ. ಅವನಿಗೆ ಗೊತ್ತಿತ್ತೇ, ಗೊತ್ತಿರಲಿಲ್ಲವೇ, ಗೊತ್ತಾಗುವುದು ಬೇಡವಾಗಿತ್ತೇ, ಅವಳು ಕೇಳಲಿಲ್ಲ. ಉಸ್ತಾದರು ಮೂರು ಸಲ ಕೇಳಿದ್ದನ್ನೂ, ಮೂರು ಸಲ ಇಲ್ಲ ಎಂದದ್ದನ್ನೂ ಅವನೇ ಹೇಳಿದ. ಹೋಗಿ ನೋಡಿಕೊಂಡು ಬಾ ಎಂದು ಅವಳು ಅಂದಾಗ ಬೇರೆ ಏನನ್ನೋ ನೋಡುತ್ತ ಹೇಳಿದ:

"ಸಿಟ್ಟಿದ್ದಾಗ ಆ ಬೀದೀಲಿ ತಲೆ ಎತ್ಕೊಂಡು ನಡೀತಿದ್ದೆ ಅಕ್ಕ. ಈಗ ಎಂಗೆ ಹೋಗ್ಲಿ?"

ಮರುದಿನದಿಂದ ಅವನು ದಾರಿ ಬದಲಾಯಿಸಿದ. ಮಾರ್ಕೆಟ್ಟನ್ನು ಬಳಸಿಕೊಂಡು, ಅರ್ಧ ಮೈಲಿ ಸುತ್ತಿ ಕೆಲಸಕ್ಕೆ ಹೋಗತೊಡಗಿದ. ಸಂಜೆ ಕೆಲವು ದಿನ ಒಗೆದ ಅಂಗಿ ಹಾಕಿಕೊಂಡು ಹೊರಡುತ್ತಿದ್ದ. ಬೀದಿಯ ಮೂಲೆಯ ಸೈಕಲ್ ಅಂಗಡಿಯವರೆಗೆ ಹೋಗಿ ನಿಂತು ವಾಪಸು ಬರುತ್ತಿದ್ದನೆಂದು ಸರೋಜಮ್ಮ ಹೇಳಿದಳು. ಚಾಮಯ್ಯ ಹೇಳಬೇಡಿ ಎಂದದ್ದು ಯಾಕೆಂದು ನೀಲಮ್ಮನಿಗೆ ಆಗ ಅರ್ಥವಾಗತೊಡಗಿತು. ತಾನು ಹೇಳಿದ್ದರಿಂದ ತನ್ನ ಎದೆ ಹಗುರವಾಗಿತ್ತು, ಅಷ್ಟೆ. ಆ ಭಾರ ಈಗ ಅವನ ಮೇಲಿತ್ತು. ಅತ್ತ ಚಾಪೆಯ ಮೇಲೆ ಮಲಗಿದವರಿಗೆ, ಇವತ್ತು ಅವನು ಈ ಕಡೆ ಹೋದನೇ ಎಂದು ಕೇಳಿದರೆ, ಇಲ್ಲ ಎಂಬ ಉತ್ತರ ಸಿಗುತ್ತಿತ್ತು.

ಮೂರು ವಾರ ಹೀಗೇ ಕಳೆಯಿತು. ಒಂದು ಭಾನುವಾರ ಬೆಳಗ್ಗೆ ಸುಂದರಮ್ಮನ ಕಡೆಯಿಂದ ಸುದ್ದಿ ಬಂತು: ಮಾತು ಕಡಿಮೆಯಾಗುತ್ತಿದೆ, ಇನ್ನು ಹೆಚ್ಚು ದಿನವಿಲ್ಲ. ನೀಲಮ್ಮ ತಮ್ಮನಿಗೆ ಹೇಳಲಿಲ್ಲ. ಅಡುಗೆ ಮಾಡಿದಳು. ಮುದ್ದೆ, ಅವರೆಕಾಳಿನ ಸಾರು, ಅನ್ನ, ಮೊಸರು. ಎದುರಿಗೆ ಕೂತು ಬಡಿಸಿದಳು. ಅವನು ಚೆನ್ನಾಗಿಯೇ ಉಂಡ. ಕೈ ತೊಳೆದು ಬಂದ ಮೇಲೆ ಸುದ್ದಿ ಹೇಳಿ, ತಾನೂ ಚಪ್ಪಲಿ ಮೆಟ್ಟಿ ಹೊಸ್ತಿಲಾಚೆ ನಿಂತಳು.

"ಏಳು. ನಾನೂ ಬತ್ತೀನಿ. ನೀನು ಏನೂ ಮಾತಾಡ್ಬೇಡ."

ಸೈಕಲ್ ಅಂಗಡಿಯ ಹತ್ತಿರ ಅವನ ಕಾಲು ನಿಧಾನವಾಯಿತು. ಅವಳು ನಿಲ್ಲಲಿಲ್ಲ, ಹಿಂದಿರುಗಿ ನೋಡಲೂ ಇಲ್ಲ. ಸ್ವಲ್ಪ ಹೊತ್ತಿನ ಮೇಲೆ ಹಿಂದೆ ಅವನ ಚಪ್ಪಲಿಯ ಸದ್ದು ಕೇಳಿಸಿತು.

ಚಾಮಯ್ಯನವರಿಗೆ ಆಗತಾನೆ ಮೈ ಒರೆಸಿ ದಿಂಬಿಗೆ ಒರಗಿಸಿದ್ದರು. ಕರಿಬಸವಯ್ಯ ಬಾಗಿಲಲ್ಲಿ ಬಗ್ಗಿ ಒಳಗೆ ಬಂದು, ಅವರ ಕಾಲ ಬಳಿ ಕೂತು, ಪಾದ ಮುಟ್ಟಿದ. ಮುಟ್ಟಿದ ಕೈಯನ್ನು ತೆಗೆಯಲಿಲ್ಲ. ಅವರು ಅವನನ್ನು ನೋಡಿದರು. ಬೀದಿಯಲ್ಲಿ ಜಟಕಾ ಒಂದು ಹಾದುಹೋಯಿತು. ಕ್ಷಮೆಯ ಮಾತನ್ನು ಯಾರು ಮೊದಲು ಎತ್ತಬೇಕು, ಯಾರ ಪರವಾಗಿ ಎತ್ತಬೇಕು, ನೀಲಮ್ಮನಿಗೆ ತಿಳಿಯಲಿಲ್ಲ. ಕೊನೆಗೆ ಚಾಮಯ್ಯನವರೇ ತುಟಿ ಅಲ್ಲಾಡಿಸಿದರು. ಮನೆಗೆ ಬಂದ ಯಾರನ್ನಾದರೂ ಕೇಳುವ ಹಾಗೆ ಕೇಳಿದರು.

"ಊಟ ಆಯ್ತೇನೋ?"

ಕರಿಬಸವಯ್ಯ ತಲೆ ಎತ್ತಿದ.

"ಇಲ್ಲ ಉಸ್ತಾದ್ರೆ" ಎಂದ.

ನೀಲಮ್ಮ ಬೆಚ್ಚಿದಳು. ಅವನು ಉಂಡು ಅರ್ಧ ಗಂಟೆಯಾಗಿರಲಿಲ್ಲ.

ಚಾಮಯ್ಯ ಮಗಳ ಕಡೆ ಕಣ್ಣು ತಿರುಗಿಸಿದರು. ಸುಂದರಮ್ಮ ಎದ್ದು, ಎರಡು ಹೆಜ್ಜೆ ಇಟ್ಟು, ಅಲ್ಲೇ ನಿಂತಳು. ಸೊಪ್ಪಿನ ಸಾರು ಇದೆ, ಬೇರೇನೂ ಮಾಡಿಲ್ಲ ಎಂದು ಮೆಲ್ಲಗೆ ಹೇಳಿ ನೀಲಮ್ಮನ ಮುಖ ನೋಡಿದಳು. ಈ ಮನೆಯಲ್ಲಿ ಅವನು ಎಂದೂ ಒಂದು ಲೋಟ ನೀರು ಕುಡಿದವನಲ್ಲವೆಂದು ಅಲ್ಲಿದ್ದ ನಾಲ್ವರಿಗೂ ಗೊತ್ತಿತ್ತು. ಯಾಕೆ ಕುಡಿಯಲಿಲ್ಲ ಎಂಬುದೂ ಗೊತ್ತಿತ್ತು.

"ಬಡ್ಸು ಕಣಮ್ಮ" ಎಂದಳು ನೀಲಮ್ಮ.

ಸುಂದರಮ್ಮ ತಟ್ಟೆ ತಂದಿಟ್ಟಳು. ದೊಡ್ಡ ಮುದ್ದೆ, ಸುತ್ತ ಸಾರು. ಕರಿಬಸವಯ್ಯ ಉಸ್ತಾದರ ಎದುರಿಗೆ ಚಕ್ಕಳಮಕ್ಕಳ ಹಾಕಿ ಕೂತು ಮುದ್ದೆ ಮುರಿದ. ಒಂದೊಂದೇ ತುತ್ತು, ಅವಸರವಿಲ್ಲದೆ, ನುಂಗಿದ. ಅವನ ಹಣೆಯಲ್ಲಿ ಬೆವರು ಮೂಡಿತು. ಚಾಮಯ್ಯನವರು ಕಣ್ಣು ಮಿಟುಕಿಸದೆ ಅವನು ಉಣ್ಣುವುದನ್ನು ನೋಡುತ್ತಿದ್ದರು. ತಟ್ಟೆ ಖಾಲಿಯಾಗುತ್ತ ಬಂದಾಗ ಅವರು ಬಲಗೈಯ ಒಂದು ಬೆರಳು ಎತ್ತಿದರು, ಇನ್ನೊಂದು ಎಂಬಂತೆ. ಸುಂದರಮ್ಮ ಇನ್ನೊಂದು ಮುದ್ದೆ ತಂದಳು. ಅವನು ಸಾಕು ಎನ್ನಲಿಲ್ಲ. ತಟ್ಟೆಯನ್ನು ಮುಂದಕ್ಕೆ ಸರಿಸಿದ.

ಹದಿನಾರು ವರ್ಷದಿಂದ ಅವನಿಗೆ ಬಡಿಸುತ್ತ ಬಂದಿದ್ದ ನೀಲಮ್ಮ, ಗೋಡೆಗೆ ಒರಗಿ, ಬರಿಗೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಹಸಿದವನು ಉಣ್ಣುವುದನ್ನು ಅವಳು ಬೇಕಾದಷ್ಟು ನೋಡಿದ್ದಳು. ಹೊಟ್ಟೆ ತುಂಬಿದವನು ಹೀಗೆ ಉಣ್ಣುವುದನ್ನು ಎಂದೂ ನೋಡಿರಲಿಲ್ಲ.